ಔಷಧಿ ಅಣಬೆ ಕೊಳ್ಳುವ ಮುನ್ನ: ಯಾವುದು ಯಾರಿಗೆ, ಯಾವುದು ಯಾರಿಗೆ ಬೇಡ

ಮಂಡ್ಯದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಬೆಳಿಗ್ಗೆ ಶೆಟರ್ ಎತ್ತಿದರೆ ರಾತ್ರಿಯವರೆಗೂ ಶುಗರ್, ಬಿಪಿ, ಗ್ಯಾಸ್ಟ್ರಿಕ್ ಮಾತ್ರೆಗಳದ್ದೇ ವ್ಯಾಪಾರ. ಮೂರು ನಾಲ್ಕು ವರ್ಷದಿಂದ ಈಚೆಗೆ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. "ಅಣ್ಣ, ಶುಗರ್‌ಗೆ ಯಾವ್ದೋ ಅಣಬೆ ಮಾತ್ರೆ ಬಂದದಂತಲ್ಲ, ನಿಮ್ಮತ್ರ ಐತಾ?" ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಕೆಲವರು ಮೊಬೈಲ್‌ನಲ್ಲಿ ಚಿತ್ರ ತೋರಿಸುತ್ತಾರೆ. ಮೈಸೂರಿನಲ್ಲಿ ಓದುವ ಮಕ್ಕಳು ತಂದೆತಾಯಿಗೆಂದು ಆನ್‌ಲೈನ್‌ನಲ್ಲಿ ತರಿಸಿದ ಡಬ್ಬಿಯನ್ನೇ ತಂದು, ಇದನ್ನು ಊಟಕ್ಕೆ ಮುಂಚೆ ಕೊಡಬೇಕಾ ಆಮೇಲಾ ಎಂದು ವಿಚಾರಿಸುವವರೂ ಇದ್ದಾರೆ.

ಇದನ್ನು ಬರೆಯಲು ನನ್ನ ಸೋದರಮಾವನೇ ಕಾರಣ. ಪಾಂಡವಪುರದ ಹತ್ತಿರದ ಹಳ್ಳಿಯವರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ನುಂಗುತ್ತಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳವು. ಪರಿಚಯದವರೊಬ್ಬರು ಮನೆಗೇ ಬಂದು, ಹೃದಯಕ್ಕೆ ಬಹಳ ಒಳ್ಳೆಯದೆಂದು ಹೇಳಿ ಗ್ಯಾನೋಡರ್ಮ ಎಂಬ ಅಣಬೆಯ ಪುಡಿ ಕೊಟ್ಟುಹೋದರು. ಎರಡು ತಿಂಗಳಾಗುವಷ್ಟರಲ್ಲಿ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆ. ಡಾಕ್ಟರು "ಬೇರೆ ಏನಾದ್ರೂ ತಗೋತಾ ಇದ್ದೀರಾ?" ಅಂದರೆ "ಏನೂ ಇಲ್ಲ ಸಾರ್" ಅಂದುಬಿಟ್ಟರು. ಮಾವ ಸುಳ್ಳು ಹೇಳಲಿಲ್ಲ. ಅಣಬೆ ತಿನ್ನುವ ಪದಾರ್ಥ ತಾನೇ, ಅದನ್ನು ಔಷಧಿಯ ಲೆಕ್ಕದಲ್ಲಿ ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಪುಡಿ ನಿಲ್ಲಿಸಿದ ಮೇಲೆ ಎರಡು ವಾರದಲ್ಲಿ ರಕ್ತ ಬರುವುದು ನಿಂತಿತು. ಪುಡಿಯೇ ಕಾರಣವೆಂದು ನೂರಕ್ಕೆ ನೂರು ಹೇಳಲಾರೆ. ಆದರೆ ಪ್ರತಿ ತಿಂಗಳು ಅವರ ಮಾತ್ರೆ ಕಟ್ಟಿಕೊಡುತ್ತಿದ್ದವನು ನಾನೇ. ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಈಗ ಅಣಬೆ ಅಂದ ಕೂಡಲೇ ನಾನು ಮೂರು ವಿಷಯ ಕೇಳುತ್ತೇನೆ: ಯಾರಿಗೆ, ಯಾತಕ್ಕೆ, ಈಗಾಗಲೇ ಯಾವ ಮಾತ್ರೆ ನಡೀತಿದೆ. ಮುಂದೆ ಬರೆದಿರುವುದೆಲ್ಲ ಆ ಮೂರಕ್ಕೆ ಕಟ್ಟಿದ ಮಾತು.

ಅಣಬೆಯೊಳಗೆ ಇರುವುದೇನು

ಅಣಬೆ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಶಿಲೀಂಧ್ರ. ಅದರ ಕೋಶದ ಗೋಡೆಯಲ್ಲಿ ಬೀಟಾ ಗ್ಲೂಕಾನ್ ಎಂಬ ನಾರು ಇದೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆಯುವುದು ಬಹುಪಾಲು ಇದನ್ನು ನಂಬಿಕೊಂಡೇ. ದುಬಾರಿ ಗ್ಯಾನೋಡರ್ಮದಲ್ಲೂ ಇದೆ, ನಮ್ಮ ಹುಲ್ಲಿನ ಮೇಲೆ ಬೆಳೆಯುವ ಚಿಪ್ಪಣಬೆಯಲ್ಲೂ ಇದೆ. ಒಂದೊಂದು ಜಾತಿಗೆ ವಿಶೇಷವಾದ ರಾಸಾಯನಿಕಗಳು ಬೇರೆ. ಗ್ಯಾನೋಡರ್ಮದ ಕಹಿಗೆ ಟ್ರೈಟರ್ಪೀನ್ ಕಾರಣ, ಕಾರ್ಡಿಸೆಪ್ಸ್‌ನಲ್ಲಿ ಕಾರ್ಡಿಸೆಪಿನ್, ಲಯನ್ಸ್ ಮೇನ್‌ನಲ್ಲಿ ಹೆರಿಸಿನೋನ್. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಇಲಿಗಳ ಮೇಲೆ ಇವೆಲ್ಲ ಬಹಳ ಕೆಲಸ ಮಾಡಿ ತೋರಿಸಿವೆ. ಮನುಷ್ಯರ ಮೇಲೆ ನಡೆದ ಪ್ರಯೋಗಕ್ಕೆ ಬಂದರೆ ಲೆಕ್ಕ ತೆಳ್ಳಗಾಗುತ್ತದೆ. ನಾನಿಲ್ಲಿ ತೂಗುವುದು ಮನುಷ್ಯರ ಮೇಲೆ ನಡೆದದ್ದನ್ನು ಮಾತ್ರ.

ಗ್ಯಾನೋಡರ್ಮ ಅಥವಾ ರೀಶಿ

ನಮ್ಮ ಕಡೆ ಅತಿ ಹೆಚ್ಚು ಮಾರಾಟವಾಗುವುದು ಇದೇ. ಚೀನಾದಲ್ಲಿ ಲಿಂಗ್‌ಝಿ, ಜಪಾನ್‌ನಲ್ಲಿ ರೀಶಿ. ಮೆರುಗೆಣ್ಣೆ ಬಳಿದಂತೆ ಹೊಳೆಯುವ ಕೆಂಗಂದು ಬಣ್ಣ, ಮರದಷ್ಟು ಗಟ್ಟಿ, ಸಾರು ಮಾಡಿ ತಿನ್ನಲಾಗದು. ಒಣಗಿಸಿ ಪುಡಿ ಮಾಡುತ್ತಾರೆ, ಇಲ್ಲವೇ ಕುದಿಸಿ ಸಾರ ತೆಗೆಯುತ್ತಾರೆ. ಕಾಫಿ ಪುಡಿಯಲ್ಲಿ, ಸೋಪಿನಲ್ಲಿ, ಟೂತ್‌ಪೇಸ್ಟಿನಲ್ಲಿ ಕೂಡ ಬೆರೆಸಿ ಮಾರುತ್ತಾರೆ.

ಶುಗರ್‌ಗೆಂದು ಕೇಳುವವರಿಗೆ ನಾನು ಹೇಳುವುದು ಆಸ್ಟ್ರೇಲಿಯಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದ ವಿಷಯ. ಎರಡನೇ ಬಗೆಯ ಮಧುಮೇಹದ ಜೊತೆ ಬೊಜ್ಜು, ಬಿಪಿಯಂಥ ತೊಂದರೆಗಳೂ ಇದ್ದ 84 ಜನರಲ್ಲಿ ಕೆಲವರಿಗೆ ದಿನಕ್ಕೆ 3 ಗ್ರಾಂ ಗ್ಯಾನೋಡರ್ಮ, ಕೆಲವರಿಗೆ ಅದರ ಜೊತೆ ಕಾರ್ಡಿಸೆಪ್ಸ್, ಉಳಿದವರಿಗೆ ಅಂಥದ್ದೇ ಕಾಣುವ ಬರೀ ಸಪ್ಪೆ ಮಾತ್ರೆಯನ್ನು 16 ವಾರ ಕೊಟ್ಟರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಇಳಿಯಲಿಲ್ಲ, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆಯೂ ಇಳಿಯಲಿಲ್ಲ. ಅದಕ್ಕೂ ಹಿಂದಿನ ವರ್ಷ, ಆವರೆಗೆ ನಡೆದಿದ್ದ ಪ್ರಯೋಗಗಳನ್ನು ಒಟ್ಟಿಗೆ ತೂಗಿದ, ಕಾಕ್ರನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪರಿಶೀಲನೆಯೂ ಮಧುಮೇಹಿಗಳ ಹೃದಯದ ಅಪಾಯ ತಗ್ಗಿಸಲು ಗ್ಯಾನೋಡರ್ಮ ಬಳಸುವುದಕ್ಕೆ ಆಧಾರವಿಲ್ಲ ಎಂದೇ ಹೇಳಿತ್ತು. ಆದ್ದರಿಂದ ಶುಗರ್‌ಗೆಂದು ಗ್ಯಾನೋಡರ್ಮ ಕೊಳ್ಳಬೇಡಿ. ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್ ನಿಲ್ಲಿಸಿ ಇದನ್ನು ಶುರು ಮಾಡುವುದಂತೂ ಕಾಲಿಗೆ, ಕಣ್ಣಿಗೆ, ಕಿಡ್ನಿಗೆ ನಾವೇ ತಂದುಕೊಳ್ಳುವ ಕೇಡು.

ಕ್ಯಾನ್ಸರ್ ವಿಷಯದಲ್ಲಿ ಮಾತು ಸ್ವಲ್ಪ ಬೇರೆ. 2016ರಲ್ಲಿ ಪರಿಷ್ಕರಿಸಿದ ಇನ್ನೊಂದು ಕಾಕ್ರನ್ ಪರಿಶೀಲನೆ 5 ಪ್ರಯೋಗಗಳ 373 ರೋಗಿಗಳನ್ನು ನೋಡಿತು. ಮುಖ್ಯ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಪುರಾವೆ ಇಲ್ಲ, ಕೀಮೋ ಅಥವಾ ರೇಡಿಯೇಶನ್ ಜೊತೆಗೆ ಸಹಾಯಕವಾಗಿ ಕೊಟ್ಟರೆ ಉಪಯೋಗವಾಗಬಹುದು, ಆದರೆ ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೇ ಎಂಬುದು ಅದರ ತೀರ್ಮಾನ. ಈ ಸಹಾಯಕ ಎಂಬ ಮಾತು ಮಾರುವವರ ಬಾಯಲ್ಲಿ ಗುಣಪಡಿಸುತ್ತದೆ ಎಂದಾಗುತ್ತದೆ. ಅಲ್ಲೇ ಜನ ಮೋಸ ಹೋಗುವುದು.

ಅಪಾಯವೂ ಇದೆ. ಹಾಂಗ್‌ಕಾಂಗ್ ಮತ್ತು ಥಾಯ್ಲೆಂಡ್‌ನಲ್ಲಿ ಗ್ಯಾನೋಡರ್ಮ ಪುಡಿ ಸೇವಿಸಿದವರ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಒಂದರಲ್ಲಿ ರೋಗಿ ಉಳಿಯಲಿಲ್ಲ. ಇಂಥವು ಅಪರೂಪ. ಆದರೂ ಕುಡಿತದಿಂದಲೋ ಕಾಮಾಲೆಯಿಂದಲೋ ಲಿವರ್ ಮೊದಲೇ ಸೋತವರು ಇದರ ಹತ್ತಿರ ಸುಳಿಯಬಾರದು.

ಇನ್ನೊಂದು ಮಾತು ತೆಂಗಿನ ತೋಟದವರಿಗೆ. ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಣಬೆ ಎದ್ದು, ಗರಿ ಜೋತು, ಮರ ಸಾಯುತ್ತದಲ್ಲ, ಆ ಅಣಬೆ ರೋಗ ತರುವುದೂ ಗ್ಯಾನೋಡರ್ಮ ಕುಲದ್ದೇ. "ಇದೇ ಅದು, ಸಾವಿರಾರು ರೂಪಾಯಿಗೆ ಮಾರ್ತಾರೆ" ಎಂದು ಅದನ್ನು ಕಿತ್ತು ಕಷಾಯ ಮಾಡಿಕೊಂಡವರನ್ನು ಮದ್ದೂರು ಕಡೆ ಕಂಡಿದ್ದೇನೆ. ಈ ಕುಲದಲ್ಲಿ ಹಲವಾರು ಜಾತಿಗಳಿವೆ, ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು. ಮೇಲಾಗಿ ಆ ಮರಕ್ಕೆ ಬೇರಿನ ಮೂಲಕ ಶಿಲೀಂಧ್ರನಾಶಕ ಕೊಟ್ಟಿರಬಹುದು. ಮುಟ್ಟಬೇಡಿ.

ಲಯನ್ಸ್ ಮೇನ್

ಬಿಳಿಯ ಎಳೆಗಳು ಸಿಂಹದ ಕೇಸರದಂತೆ ಇಳಿಬಿದ್ದಿರುವ ಅಣಬೆ. ಮರೆವು ಶುರುವಾದವರ ಮನೆಯಿಂದ ಇದಕ್ಕೆ ಬೇಡಿಕೆ. ನರಗಳ ಬೆಳವಣಿಗೆಗೆ ಬೇಕಾದ ಒಂದು ಪ್ರೋಟೀನಿನ ಉತ್ಪತ್ತಿಯನ್ನು ಇದರ ಅಂಶಗಳು ಪ್ರಚೋದಿಸುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ವಿಷಯ.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಹೆಚ್ಚು ಉಲ್ಲೇಖವಾಗುವುದು ಜಪಾನಿನದು, 2009ರಲ್ಲಿ ಪ್ರಕಟವಾದದ್ದು. 50ರಿಂದ 80 ವರ್ಷದೊಳಗಿನ, ಸಣ್ಣ ಪ್ರಮಾಣದ ಮರೆವು ಇದ್ದ 30 ಜನ. ಅರ್ಧ ಜನರಿಗೆ ದಿನಕ್ಕೆ ಸುಮಾರು 3 ಗ್ರಾಂ ಒಣಪುಡಿಯ ಮಾತ್ರೆ, 16 ವಾರ. ತೆಗೆದುಕೊಂಡವರ ಜ್ಞಾಪಕ ಪರೀಕ್ಷೆಯ ಅಂಕಗಳು ಏರಿದವು, ನಿಲ್ಲಿಸಿ ನಾಲ್ಕು ವಾರವಾಗುತ್ತಲೇ ಇಳಿದವು. ಜನ ಕಡಿಮೆ. ಆದರೂ ಗ್ಯಾನೋಡರ್ಮಕ್ಕೆ ಶುಗರ್ ವಿಷಯದಲ್ಲಿ ಸಿಗದ ಒಂದು ಆಶಾದಾಯಕ ಫಲಿತಾಂಶ ಇದಕ್ಕೆ ಸಿಕ್ಕಿದೆ ಎಂಬ ಕಾರಣಕ್ಕೆ, ಕೊಳ್ಳಲೇಬೇಕೆಂದು ಹಟ ಹಿಡಿಯುವವರಿಗೆ ನಾನು ಈ ಪಟ್ಟಿಯಲ್ಲಿ ಮೊದಲು ತೋರಿಸುವುದು ಲಯನ್ಸ್ ಮೇನನ್ನೇ.

ಲೆಕ್ಕವನ್ನೂ ಮುಂದಿಡುತ್ತೇನೆ. ಒಂದು ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಪುಡಿ ಇದ್ದರೆ ದಿನಕ್ಕೆ ಆರು ನುಂಗಬೇಕು. 60ರ ಡಬ್ಬಿ ಹತ್ತೇ ದಿನ. 16 ವಾರಕ್ಕೆ ಹನ್ನೊಂದು ಡಬ್ಬಿ ಮುಗಿದು ಹನ್ನೆರಡನೆಯದನ್ನು ಒಡೆಯಬೇಕು. ದಿನಕ್ಕೊಂದು ಎಂದು ಬರೆದಿರುವ ಡಬ್ಬಿಯಿಂದ ಆ ಪ್ರಯೋಗದ ಫಲವನ್ನು ನಿರೀಕ್ಷಿಸಬಾರದು. ಹೊಟ್ಟೆ ತೊಳಸುವುದು, ಮೈಮೇಲೆ ದದ್ದು ಏಳುವುದು ಕೆಲವರಿಗೆ ಉಂಟು. ಆಸ್ತಮಾ, ಅಲರ್ಜಿ ಇದ್ದವರು ಜಾಗ್ರತೆ. ಎಲ್ಲಕ್ಕಿಂತ ಮೊದಲು, ಮರೆವಿಗೆ ಬಿ12 ಕೊರತೆ, ಥೈರಾಯ್ಡ್ ತೊಂದರೆ ಕೂಡ ಕಾರಣವಿರುತ್ತದೆ. ಎರಡೂ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ, ಎರಡಕ್ಕೂ ಮದ್ದಿದೆ. ಆ ಪರೀಕ್ಷೆ ಮಾಡಿಸದೆ ಅಣಬೆಗೆ ದುಡ್ಡು ಹಾಕಬೇಡಿ.

ಕಾರ್ಡಿಸೆಪ್ಸ್

ಜಿಮ್‌ಗೆ ಹೋಗುವ ಹುಡುಗರು ಕೇಳುವುದು ಇದು. ಮೂಲದಲ್ಲಿ ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ನೆಲದೊಳಗಿನ ಕಂಬಳಿಹುಳುವಿನ ಮೇಲೆ ಹುಟ್ಟಿ, ಹುಳುವನ್ನು ಕೊಂದು, ಅದರ ತಲೆಯಿಂದ ಕಡ್ಡಿಯಂತೆ ಮೇಲೇಳುವ ಶಿಲೀಂಧ್ರ. ಉತ್ತರಾಖಂಡದ ಪಿಥೋರಾಗಢದ ಕಡೆ ಕೀಡಾ ಜಡಿ ಎನ್ನುತ್ತಾರೆ. ಅತಿಯಾಗಿ ಕಿತ್ತು ಕಿತ್ತು ಈಗ ಅದು ಅಳಿವಿನ ಅಂಚಿಗೆ ಸರಿಯುತ್ತಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿದೆ.

ಡಬ್ಬಿಯಲ್ಲಿ ನಿಮಗೆ ಸಿಗುವುದು ಸಾಮಾನ್ಯವಾಗಿ ಅದಲ್ಲ. ಅದರ ಸಂಬಂಧಿ ಮಿಲಿಟಾರಿಸ್ ಎಂಬ ಕಿತ್ತಳೆ ಬಣ್ಣದ ಜಾತಿಯನ್ನು ಬಾಟಲಿಗಳಲ್ಲಿ ಕೆಂಪಕ್ಕಿಯ ಮೇಲೆ, ಏಸಿ ಕೋಣೆಯಲ್ಲಿ ಬೆಳೆಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನನ್ನ ಲೆಕ್ಕದಲ್ಲಿ ಅದೇ ಮೇಲು. ಕಾಡಿನದೆಂದು ಮಾರುವ ಉತ್ಪನ್ನಗಳಲ್ಲಿ ಆರ್ಸೆನಿಕ್ ಮಿತಿ ಮೀರಿದೆ ಎಂದು 2016ರಲ್ಲಿ ಚೀನಾದ ಸರಕಾರಿ ಔಷಧ ನಿಯಂತ್ರಕರೇ ಎಚ್ಚರಿಸಿದ್ದರು. ಹುಳುವಿನ ಚಿತ್ರ ಹಾಕಿ ಹಿಮಾಲಯದ ಬೆಲೆ ಕೇಳುವ ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಮಿಲಿಟಾರಿಸ್ ಎಂದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಫಲ? ಕೆಲವು ಸಣ್ಣ ಪ್ರಯೋಗಗಳಲ್ಲಿ ದಮ್ಮು ಒಂದಿಷ್ಟು ಸುಧಾರಿಸಿದೆ, ಕೆಲವದರಲ್ಲಿ ಏನೂ ಆಗಿಲ್ಲ. ಇಪ್ಪತ್ತೈದರ ಹುಡುಗನಿಗೆ ಎರಡು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ, ಏಳು ಗಂಟೆ ನಿದ್ದೆ ಕೊಡುವ ಶಕ್ತಿಯ ಮುಂದೆ ಇದಕ್ಕೆ ದುಡ್ಡು ಹಾಕಲು ನನಗೆ ಮನಸ್ಸಿಲ್ಲ.

ಟರ್ಕಿ ಟೇಲ್, ಮತ್ತು ಕ್ಯಾನ್ಸರ್ ಮನೆಗಳಿಗೆ ಒಂದು ಮಾತು

ಒಣಗಿದ ಕೊಂಬೆಯ ಮೇಲೆ ಬೀಸಣಿಗೆಯಂತೆ ಪದರ ಪದರವಾಗಿ, ಬಣ್ಣದ ಪಟ್ಟೆ ಹೊತ್ತು ಬೆಳೆಯುತ್ತದೆ. ಔಷಧಿ ಅಣಬೆಗಳಲ್ಲಿ ಮನುಷ್ಯರ ಮೇಲಿನ ಪುರಾವೆ ಗಟ್ಟಿಯಾಗಿರುವುದು ಇದಕ್ಕೆ. ಇದರಿಂದ ಬೇರ್ಪಡಿಸಿದ ಪಿಎಸ್‌ಕೆ ಎಂಬ ಪದಾರ್ಥಕ್ಕೆ ಜಪಾನ್ 1977ರಲ್ಲಿ ಔಷಧಿಯಾಗಿ ಮಂಜೂರಾತಿ ಕೊಟ್ಟಿತು. ಜಠರದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆದವರಿಗೆ ಕೀಮೋ ಜೊತೆ ಕೊಟ್ಟ 8 ಪ್ರಯೋಗಗಳನ್ನು, ಅಂದರೆ 8,009 ರೋಗಿಗಳನ್ನು, 2007ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಕೀಮೋ ಮಾತ್ರ ಪಡೆದವರಿಗಿಂತ ಇವರಲ್ಲಿ ಬದುಕುಳಿದವರು ಸ್ವಲ್ಪ ಹೆಚ್ಚು.

ಇದನ್ನು ಓದಿದವರು ಮೂರು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದು ಶುದ್ಧೀಕರಿಸಿದ, ಅಳತೆ ಗೊತ್ತಿದ್ದ ಔಷಧಿ, ಅಂಗಡಿಯ ಪುಡಿಯಲ್ಲ. ಆಪರೇಶನ್ ಆಗಿತ್ತು, ಕೀಮೋ ನಡೆಯುತ್ತಿತ್ತು. ಬರೆದುಕೊಟ್ಟವರು ಕ್ಯಾನ್ಸರ್ ವೈದ್ಯರು. ಮಂಡ್ಯದಿಂದ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿಗೋ ಅಲೆಯುವ ಮನೆಯವರ ಸಂಕಟ ನನಗೆ ಗೊತ್ತು. ಯಾರೋ ಒಂದು ಡಬ್ಬಿ ಹಿಡಿದು ಬಂದು ಆಸೆ ಹುಟ್ಟಿಸಿದರೆ ಬೇಡ ಅನ್ನುವುದು ಕಷ್ಟ. ಡಬ್ಬಿಯನ್ನು ತೆಗೆದುಕೊಂಡು ಹೋಗಿ ಕ್ಯಾನ್ಸರ್ ವೈದ್ಯರ ಮೇಜಿನ ಮೇಲಿಡಿ. ಅವರು ಹೂಂ ಅನ್ನುವವರೆಗೆ ಒಂದು ಚಮಚವೂ ಬೇಡ. ಕೀಮೋ ತಪ್ಪಿಸಿ ಅಣಬೆ ಹಿಡಿಯುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಚಾಗಾ, ಶಿಟಾಕೆ

ಚಾಗಾ ರಷ್ಯಾದಂಥ ಚಳಿ ದೇಶದಲ್ಲಿ ಬರ್ಚ್ ಮರದ ಮೇಲೆ ಬೆಳೆಯುವ ಕಪ್ಪು ಗಂಟು. ಕಿಡ್ನಿಯಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಎಂಬ ಅಂಶ ಅದರಲ್ಲಿ ವಿಪರೀತ. ಜಪಾನಿನಲ್ಲಿ ತಿಂಗಳುಗಟ್ಟಲೆ ಚಾಗಾ ಪುಡಿ ತಿಂದ ವೃದ್ಧೆಯೊಬ್ಬರ ಕಿಡ್ನಿಯೇ ಕೈಕೊಟ್ಟ ಪ್ರಕರಣ 2014ರಲ್ಲಿ ವರದಿಯಾಗಿದೆ. ಬೋರ್‌ವೆಲ್ ನೀರು ಕುಡಿದು ಕಿಡ್ನಿ ಕಲ್ಲು ಎಂದು ನರಳುವವರನ್ನು ದಿನವೂ ನೋಡುವ ನಾನು ಇದನ್ನು ಅಂಗಡಿಗೆ ತರಿಸುವುದೇ ಇಲ್ಲ. ಶಿಟಾಕೆ ಅಡುಗೆಯ ಅಣಬೆ, ರುಚಿಯಾದದ್ದು, ಬೇಯಿಸಿ ತಿನ್ನಿ. ಹಸಿ ಅಥವಾ ಅರೆಬೆಂದದ್ದನ್ನು ತಿಂದ ಕೆಲವರಿಗೆ ಚಾಟಿಯಲ್ಲಿ ಹೊಡೆದಂತೆ ಮೈಮೇಲೆ ಗೆರೆ ಗೆರೆಯಾಗಿ ಕೆಂಪಗೆ ಏಳುತ್ತದೆ.

ಹುಲ್ಲಿನ ಮೇಲೆ ಎದ್ದ ಚಿಪ್ಪಣಬೆ

ನನ್ನ ಮನಸ್ಸು ಇರುವುದು ಇಲ್ಲಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ ಕೊಯ್ದ ಮೇಲೆ ಹುಲ್ಲಿಗೆ ಬರವೇ? ಆ ಹುಲ್ಲನ್ನೇ ಎರಡು ಮೂರು ಇಂಚಿಗೆ ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಹದ ಮಾಡಿ, ನೀರು ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ಅಣಬೆ ಬೀಜ ಉದುರಿಸಿ ಕಟ್ಟಿಟ್ಟರೆ ಎರಡು ಮೂರು ವಾರದಲ್ಲಿ ಚೀಲವೆಲ್ಲ ಬೆಳ್ಳಗೆ ಹೆಣೆದುಕೊಳ್ಳುತ್ತದೆ. ಚೀಲ ಸೀಳಿ ನೀರು ಚಿಮುಕಿಸುತ್ತಾ ಬಂದರೆ ಗೊಂಚಲು ಗೊಂಚಲಾಗಿ ಚಿಪ್ಪಣಬೆ. ನಮ್ಮ ಅತ್ತಿಗೆ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಇಪ್ಪತ್ತು ಚೀಲ ಇಟ್ಟಿದ್ದಾರೆ. ಬೀಜ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುತ್ತದೆ. ಕಲಿಯಬೇಕೆಂದರೆ ಮಂಡ್ಯದವರು ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಮಾರ್ಚಿ ಏಪ್ರಿಲ್ ಸೆಕೆಗೆ ಚಿಪ್ಪಣಬೆ ಬಾಡುತ್ತದೆ, ಆಗ ಹಾಲಣಬೆ ಬೆಳೆಯಬಹುದು. ಬೆಳೆಯುವ ಕೋಣೆಗೆ ಹೋಗುವಾಗ ಮೂಗಿಗೆ ಬಟ್ಟೆಗಿಂತ ಮಾಸ್ಕ್ ಒಳ್ಳೆಯದು. ಬಲಿತ ಚಿಪ್ಪಣಬೆ ಹೊಗೆಯಂತೆ ಬೀಜಕಣ ಉದುರಿಸುತ್ತದೆ, ವರ್ಷಗಟ್ಟಲೆ ಅದನ್ನೇ ಉಸಿರಾಡಿದರೆ ಶ್ವಾಸಕೋಶಕ್ಕೆ ಅಲರ್ಜಿ ಅಂಟಿಕೊಳ್ಳಬಹುದು.

ಅಣಬೆ ನಮ್ಮ ಪರಂಪರೆಯದ್ದಲ್ಲ ಎನ್ನುವವರು ಸುಶ್ರುತ ಸಂಹಿತೆ ನೋಡಬೇಕು. ಹುಲ್ಲಿನಲ್ಲಿ, ಕಬ್ಬಿನಲ್ಲಿ, ಸಗಣಿಯಲ್ಲಿ, ಬಿದಿರಿನಲ್ಲಿ, ನೆಲದಲ್ಲಿ ಹುಟ್ಟುವವು ಎಂದು ವಿಂಗಡಿಸಿ, ಹುಲ್ಲಿನದು ಸಿಹಿ, ದೋಷ ಶಮನ ಮಾಡುವಂಥದ್ದು ಎಂದು ಅದರಲ್ಲಿದೆ. ಭತ್ತ, ಕಬ್ಬು ಎರಡೂ ಬೆಳೆಯುವ ಜಿಲ್ಲೆಯವರು ನಾವು. ಅಣಬೆಯನ್ನು ಬಾಡಿನ ಲೆಕ್ಕಕ್ಕೆ ಸೇರಿಸಿ ಮುಟ್ಟದ ಮನೆಗಳೂ ನಮ್ಮಲ್ಲಿವೆ, ಶನಿವಾರ ಸೋಮವಾರ ಬೇಡವೆನ್ನುವವರೂ ಇದ್ದಾರೆ. ಅಂಥವರಿಗೆ ಔಷಧಿಯ ಹೆಸರಿನಲ್ಲಿ ಒತ್ತಾಯ ಮಾಡುವ ಅಗತ್ಯ ನನಗಂತೂ ಕಂಡಿಲ್ಲ.

ತಟ್ಟೆಯ ಅಣಬೆಗೂ ಅಧ್ಯಯನಗಳಿವೆ. ಸಿಂಗಪುರದಲ್ಲಿ 60 ದಾಟಿದ 663 ಜನರನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಎರಡು ಪಾಲಿಗಿಂತ ಹೆಚ್ಚು, ಅಂದರೆ ಬೇಯಿಸಿದ ಅಣಬೆ 300 ಗ್ರಾಂಗಿಂತ ಹೆಚ್ಚು ತಿನ್ನುವವರಲ್ಲಿ ಸಣ್ಣ ಮರೆವಿನ ಸಾಧ್ಯತೆ ಸುಮಾರು ಅರ್ಧ. ಅವರು ತಿನ್ನುತ್ತಿದ್ದುದರಲ್ಲಿ ಚಿಪ್ಪಣಬೆ, ಬಟನ್ ಅಣಬೆ ಎರಡೂ ಇದ್ದವು. ಅಣಬೆಯೇ ಮರೆವು ತಡೆಯಿತು ಎಂದು ಇದರಿಂದ ಹೇಳಲು ಬಾರದು, ಅಣಬೆ ತಿನ್ನುವವರು ಬೇರೆ ತರಕಾರಿಯನ್ನೂ ಚೆನ್ನಾಗಿ ತಿನ್ನುವವರಿರಬಹುದು. ಆದರೂ ಕ್ಯಾಪ್ಸೂಲಿನ ಜಾಹೀರಾತಿಗಿಂತ ಇದರಲ್ಲಿ ನನಗೆ ನಂಬಿಕೆ ಹೆಚ್ಚು.

ಕೊಲೆಸ್ಟ್ರಾಲ್ ಮಾತ್ರೆಗಳ ಗುಂಪಿನ ಲೋವಾಸ್ಟಾಟಿನ್ ಚಿಪ್ಪಣಬೆಯಲ್ಲಿ ಸ್ವಾಭಾವಿಕವಾಗಿಯೇ ಇದೆ. ಪ್ರಮಾಣ ಒಂದೊಂದು ಬೆಳೆಗೆ ಒಂದೊಂದು ತರಹ, ಆದ್ದರಿಂದ ಅಣಬೆ ತಿನ್ನುತ್ತೇನೆಂದು ಡಾಕ್ಟರು ಕೊಟ್ಟ ಮಾತ್ರೆ ಬಿಡುವ ಹಾಗಿಲ್ಲ. ನಾರು ಹೆಚ್ಚು, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಸಕ್ಕರೆ ಏರಿಸುವುದಿಲ್ಲ. ಶುಗರ್ ಇದ್ದವರು ರಾಗಿಮುದ್ದೆಯನ್ನು ಸ್ವಲ್ಪ ಚಿಕ್ಕದು ಮಾಡಿಕೊಂಡು ಅಣಬೆ ಸಾರನ್ನು ಹೆಚ್ಚು ಹಾಕಿಕೊಂಡರೆ ಆ ಊಟವೇ ಉಪಕಾರ. ಕಿಡ್ನಿ ಸೋತು ಡಯಾಲಿಸಿಸ್‌ನಲ್ಲಿ ಇರುವವರು ಮಾತ್ರ ಪೊಟ್ಯಾಸಿಯಂ ಲೆಕ್ಕಕ್ಕಾಗಿ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಬಿಸಿಲಿನ ಉಪಾಯವೊಂದನ್ನು ಎಲ್ಲರಿಗೂ ಹೇಳುತ್ತೇನೆ. ಅಡುಗೆಗೆ ಮುಂಚೆ ಅಣಬೆಯನ್ನು ಬಿಡಿಸಿ, ಗೆರೆಗಳಿರುವ ಒಳಮೈ ಮೇಲೆ ಬರುವಂತೆ ಮೊರದಲ್ಲಿ ಹರಡಿ, ಹನ್ನೊಂದರಿಂದ ಎರಡರ ನಡುವಿನ ಬಿಸಿಲಿಗೆ ಅರ್ಧ ಗಂಟೆ ಇಡಿ. ಅದರೊಳಗಿನ ಎರ್ಗೋಸ್ಟೆರಾಲ್ ಎಂಬ ಅಂಶ ವಿಟಮಿನ್ ಡಿ2 ಆಗಿ ಮಾರ್ಪಡುತ್ತದೆ, ಬೇಯಿಸಿದರೂ ಬಹುಪಾಲು ಉಳಿಯುತ್ತದೆ. ಮನೆಯೊಳಗೇ ಇರುವ ಅಜ್ಜಿಯಂದಿರಿಗೆ ಇದು ಬಿಟ್ಟಿ ಸಿಗುವ ಲಾಭ.

ಪುಡಿ, ಸಾರ, ಕ್ಯಾಪ್ಸೂಲ್: ಡಬ್ಬಿ ಓದುವುದು ಹೇಗೆ

ಅಣಬೆಯ ಕೋಶದ ಗೋಡೆ ಕೈಟಿನ್‌ನಿಂದಾದದ್ದು, ಗಟ್ಟಿ. ಹಸಿಪುಡಿಗಿಂತ ಬಿಸಿನೀರಿನಲ್ಲಿ ಕುದಿಸಿ ತೆಗೆದ ಸಾರದಲ್ಲಿ ಬೀಟಾ ಗ್ಲೂಕಾನ್ ಸುಲಭವಾಗಿ ಸಿಗುತ್ತದೆ. ಗ್ಯಾನೋಡರ್ಮದ ಟ್ರೈಟರ್ಪೀನ್ ನೀರಿಗೆ ಸರಿಯಾಗಿ ಬಿಡುವುದಿಲ್ಲ, ಅದಕ್ಕೆ ಆಲ್ಕೋಹಾಲ್ ಬೇಕು.

ಡಬ್ಬಿಯ ಮೇಲೆ ಬೀಟಾ ಗ್ಲೂಕಾನ್ ಶೇಕಡಾ ಎಷ್ಟು ಎಂದಿದೆಯೇ ನೋಡಿ. ಬರೀ ಪಾಲಿಸ್ಯಾಕರೈಡ್ ಶೇಕಡಾ 40 ಎಂದಿದ್ದರೆ ನಂಬಬೇಡಿ, ಅಕ್ಕಿಯ ಪಿಷ್ಟವೂ ಪಾಲಿಸ್ಯಾಕರೈಡೇ. ಕೆಲವರು ಧಾನ್ಯದ ಮೇಲೆ ಅಣಬೆಯ ಬೇರಿನಂಥ ಎಳೆ ಹಬ್ಬಿಸಿ, ಧಾನ್ಯವನ್ನೂ ಸೇರಿಸಿಯೇ ಪುಡಿ ಮಾಡುತ್ತಾರೆ. ಅಂಥದ್ದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಒಂದು ಲೋಟದಲ್ಲಿ ಅಣಬೆ ಪುಡಿ, ಇನ್ನೊಂದರಲ್ಲಿ ಅಕ್ಕಿ ಹಿಟ್ಟು, ಎರಡಕ್ಕೂ ಬಿಸಿನೀರು ಹಾಕಿ ಕದಡಿ, ಪೂರ್ತಿ ಆರಲು ಬಿಡಿ. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ ನಾಲ್ಕು ಹನಿ ಎರಡಕ್ಕೂ ಬಿಡಿ. ಅಕ್ಕಿ ಹಿಟ್ಟು ಕಡುನೀಲಿಯಾಗುತ್ತದೆ. ಅಣಬೆ ಪುಡಿಯೂ ಹಾಗೇ ಆದರೆ ನೀವು ಕೊಂಡದ್ದರಲ್ಲಿ ಧಾನ್ಯದ ಪಾಲು ದೊಡ್ಡದಿದೆ. ಪಿಷ್ಟದಿಂದಲೇ ತಯಾರಿಸುವ ಮಾಲ್ಟೋಡೆಕ್ಸ್ಟ್ರಿನ್ ಎಂಬ ಪುಡಿ ಬೆರೆಸಿದ್ದರೆ ಮಾತ್ರ ಈ ಪರೀಕ್ಷೆ ತಪ್ಪಿಸಿಕೊಳ್ಳಬಹುದು, ಅದಕ್ಕೆ ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಅಮೆರಿಕದಲ್ಲಿ ಕೊಂಡ 19 ರೀಶಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದಾಗ ಅಸಲಿ ಎಂದು ಖಚಿತವಾದದ್ದು 5 ಮಾತ್ರ. ಕಟ್ಟುನಿಟ್ಟಿನ ದೇಶದಲ್ಲೇ ಈ ಗತಿ.

14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಇರಲೇಬೇಕು. ಆದರೆ ಅದು ಆಹಾರದ ಲೈಸೆನ್ಸ್, ರೋಗ ಗುಣಪಡಿಸುತ್ತದೆ ಎಂಬ ಪ್ರಮಾಣಪತ್ರವಲ್ಲ. ಕ್ಯಾನ್ಸರ್, ಮಧುಮೇಹ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಹಾಗೆ ಬರೆದ ಕರಪತ್ರ ಕೊಟ್ಟವರ ಉಳಿದ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಪರೀಕ್ಷೆಯ ವರದಿ ಕೇಳಿ. ಅಣಬೆ ಮಣ್ಣಿನ, ಮರದ ಲೋಹವನ್ನು ಹೀರಿಕೊಳ್ಳುವ ಜೀವಿ.

ಯಾರು ತೆಗೆದುಕೊಳ್ಳಲೇಬಾರದು

ಇದು ತಟ್ಟೆಯ ಅಣಬೆಗಲ್ಲ, ಪುಡಿ ಮತ್ತು ಸಾರಕ್ಕೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಗ್ಯಾನೋಡರ್ಮ ಬೇಡ. ಆಪರೇಶನ್ ದಿನ ಗೊತ್ತಾಗಿದ್ದರೆ ಎರಡು ವಾರ ಮುಂಚೆಯೇ ಎಲ್ಲ ಅಣಬೆ ಪುಡಿ ನಿಲ್ಲಿಸಿ, ಅರಿವಳಿಕೆ ಕೊಡುವ ವೈದ್ಯರಿಗೆ ತಿಳಿಸಿ. ಕಿಡ್ನಿ ಕಸಿ ಆದವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನಡೆಯುತ್ತಿರುತ್ತದೆ, ಆ ಶಕ್ತಿಯನ್ನು ಕೆರಳಿಸುವ ಯಾವ ಅಣಬೆ ಪುಡಿಯೂ ಅವರಿಗೆ ಕೂಡದು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಬಿಪಿ ಮಾತ್ರೆಯವರು ಕೇಳದೆ ಸೇರಿಸಬೇಡಿ. ಬಸುರಿಯರಿಗೆ, ಬಾಣಂತಿಯರಿಗೆ, ಮಕ್ಕಳಿಗೆ ಬೇಡವೇ ಬೇಡ.

ಮಳೆಗಾಲದ ಕಾಡಣಬೆ

ಮೊದಲ ಮಳೆಗೆ ಹುತ್ತದ ಮೇಲೆ ಏಳುವ ಅಣಬೆಯ ರುಚಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಗೆದ್ದಲು ತನ್ನ ಗೂಡಿನೊಳಗೆ ತಾನೇ ಸಾಕುವ ಬೆಳೆ ಅದು. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಿರಿಯರಿಗೆ ಅದನ್ನು ಗುರುತಿಸುವ ಕಣ್ಣಿದೆ. ಆ ಕಣ್ಣಿಲ್ಲದವರು ಮೊಬೈಲ್ ಚಿತ್ರ ನೋಡಿ ನಾಯಿಕೊಡೆ ಕೀಳಬೇಡಿ. ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ವಿಷ ಎಂಬ ಪರೀಕ್ಷೆಗಳು ಸುಳ್ಳು. ಕೊಲ್ಲುವ ಜಾತಿಯ ವಿಷ ತಿಂದ ಕೂಡಲೇ ತೋರುವುದಿಲ್ಲ. ಆರು ಗಂಟೆಯೋ ಹನ್ನೆರಡು ಗಂಟೆಯೋ ಕಳೆದು ವಾಂತಿ ಭೇದಿ, ನಡುವೆ ಒಂದು ದಿನ ಹುಷಾರಾದಂತೆ ಕಾಣುವುದು, ಆಮೇಲೆ ಲಿವರ್ ಕುಸಿಯುವುದು. ಆ ಹುಷಾರಾದ ದಿನವನ್ನು ನಂಬಿ ಮನೆಯಲ್ಲಿ ಉಳಿಯದೆ ಆಸ್ಪತ್ರೆಗೆ ಓಡಬೇಕು, ಉಳಿದ ಅಣಬೆಯನ್ನೂ ಜೊತೆಗೆ ಒಯ್ಯಬೇಕು.

ಕಳೆದ ತಿಂಗಳು ಮೈಸೂರಿನ ಕುವೆಂಪುನಗರದಿಂದ ನಿವೃತ್ತ ಮೇಡಂ ಒಬ್ಬರು ಮಗಳ ಜೊತೆ ಬಂದಿದ್ದರು. ನನಗೆ ಪ್ರೈಮರಿಯಲ್ಲಿ ಪಾಠ ಹೇಳಿದವರು. ಹೆಸರುಗಳು ನೆನಪಿಗೆ ಬರುತ್ತಿಲ್ಲವಂತೆ, ಲಯನ್ಸ್ ಮೇನ್ ತೆಗೆದುಕೊಳ್ಳಲೇ ಎಂದು ಕೇಳಿದರು. ಮಾತ್ರೆಗಳ ಚೀಟಿ ನೋಡಿದೆ: ಬಿಪಿಗೆ ಒಂದು, ಹತ್ತು ವರ್ಷದಿಂದ ಮೆಟ್‌ಫಾರ್ಮಿನ್. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡರೆ ಬಿ12 ಇಳಿಯುವುದುಂಟು. "ಮೇಡಂ, ಮೊದಲು ಬಿ12 ಮತ್ತು ಥೈರಾಯ್ಡ್ ನೋಡಿಸಿ, ವರದಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ಅಣಬೆ ಎಲ್ಲಿಗೂ ಓಡಿಹೋಗೋದಿಲ್ಲ" ಅಂದೆ. ಬಿ12 ತೀರಾ ಕಡಿಮೆ ಬಂತು. ಈಗ ಇಂಜೆಕ್ಷನ್ ನಡೆಯುತ್ತಿದೆ. ಹೋಗುವಾಗ ಅತ್ತಿಗೆ ಬೆಳೆದ ಅರ್ಧ ಕೆಜಿ ಚಿಪ್ಪಣಬೆ ಕೊಟ್ಟು ಕಳಿಸಿದ್ದೆ, ಮೊನ್ನೆ ಫೋನ್ ಮಾಡಿ ಇನ್ನರ್ಧ ಕೆಜಿ ಬೇಕು ಅಂದರು. ಫೋನಿನಲ್ಲಿ ನನ್ನ ಹೆಸರನ್ನು ಮಗಳನ್ನು ಕೇಳದೆ ತಾವೇ ಹೇಳಿದರು.